ತಾಜೂನ ತೆಗೆದು ಓದು

ದುರ್ಗಿಗುಡಿಯಲ್ಲಿ ಸೈಕಲ್ ಶಾಪಿನ ಮೇಲೆ
ಏಳರಿಂದ ಎಂಟು, ನನ್ನ ಇಂಗ್ಲಿಷ್ ಕ್ಲಾಸು.
ಕೆಳಗೆ ಯಾರೋ ಚಕ್ರದ ಡೊಂಕು ತೆಗೆಯುತ್ತಿರುತ್ತಾರೆ,
ಮೇಲೆ ನಾನು ವಾಕ್ಯದ್ದು.

ಬೋರ್ಡಿನ ಎಡಕ್ಕೆ ಐ, ಹಿ, ಶಿ, ವಿ, ದೇ.
ಬಲಕ್ಕೆ ಮಿ, ಹಿಮ್, ಹರ್, ಅಸ್, ದೆಮ್.
ನಡುವೆ ಒಂದು ಗೀಟು.
ಎಡದವರು ಮಾಡುತ್ತಾರೆ,
ಬಲದವರ ಮೇಲೆ ಅದು ಆಗುತ್ತದೆ.
ಯೂ ಒಬ್ಬನೇ ಜಾಣ, ಎರಡೂ ಕಡೆ
ಅದೇ ಅಂಗಿಯಲ್ಲಿ ಓಡಾಡುತ್ತಾನೆ.
ಇಲ್ಲಿ ನಗಬೇಕು. ಪ್ರತಿ ವರ್ಷವೂ ನಗುತ್ತಾರೆ.

ಲೋಲಾಕ್ಷಿ ನಗಲಿಲ್ಲ.
ಮಾಚೇನಹಳ್ಳಿಯ ಗಾರ್ಮೆಂಟ್ಸಿನಿಂದ ನೇರ ಬರುವವಳು,
ಕೂದಲಲ್ಲಿ ನೀಲಿ ನೂಲಿನ ಚೂರು,
ಕಾಲರ್ ಹೊಲಿದೂ ಹೊಲಿದೂ ನುಣುಪಾದ ಹೆಬ್ಬೆರಳು.
‘ನನಗೆ ಹಸಿವು ಅನ್ನೋದಕ್ಕೆ ಐ ಯಾಕೆ ಸರ್? ಮಿ ಯಾಕಲ್ಲ?
ಹಸಿವು ನಾನು ಮಾಡಿದ್ದಾ?
ತಾನಾಗಿ ಬಂದಿದ್ದಲ್ವಾ ಅದು, ನನ್ನ ಹತ್ರ?’

ಚಾಕ್‌ಪೀಸು ಕೆಳಗಿಟ್ಟೆ.
ಹೌದಲ್ಲ. ನಮ್ಮಲ್ಲಿ ಚಳಿ, ಸಿಟ್ಟು, ನಿದ್ದೆ, ನೆಗಡಿ,
ಗೊತ್ತಿರುವುದು, ಬೇಕಾದದ್ದು, ಬೇಡದ್ದು, ಎಲ್ಲವೂ
ನನಗೆ ನನಗೆ ಎಂದು ಹೇಳದೆ ಕೇಳದೆ
ನೆಂಟರ ಹಾಗೆ ಬರುತ್ತವೆ.
ಇಂಗ್ಲಿಷಿನಲ್ಲಿ ಎಲ್ಲಕ್ಕೂ ನಾನೇ ಜವಾಬ್ದಾರ.
‘ಸದ್ಯಕ್ಕೆ ಐ ಅಂತ ಬರ್ಕೊ’ ಅಂದೆ.
ಬರೆದುಕೊಂಡಳು, ಮನಸ್ಸಿಲ್ಲದೆ.

ಕಳೆದ ಗುರುವಾರ ಒಂದು ಕಾಗದ ತಂದಳು.
ಮುಂಬಯಿಯ ಹೆಡ್ಡಾಫೀಸಿಗೆ ದೂರು. ಅವರಿಗೆ ಕನ್ನಡ ಬರುವುದಿಲ್ಲ.
‘ಮಿ ಅಂಡ್ ತಾಜುನ್ನಿಸಾ ವೆಂಟ್ ಟು ಟಾಯ್ಲೆಟ್.
ಹಿ ಶೌಟೆಡ್ ಶಿ ಅಂಡ್ ಐ.
ಹಿ ಲಾಕ್ಡ್ ವಿ ಔಟ್‌ಸೈಡ್.’
ಕೆಂಪು ಪೆನ್ನು ತಾನಾಗಿ ಮೇಲೆದ್ದಿತು.
ಮಾಡಿದ ಕಡೆ ಮಿ, ಮಾಡಿಸಿಕೊಂಡ ಕಡೆ ಐ.
ಇಷ್ಟು ಅಚ್ಚುಕಟ್ಟಾಗಿ ತಲೆಕೆಳಗಾದದ್ದನ್ನು
ನಾನು ಎಲ್ಲೂ ಕಂಡಿರಲಿಲ್ಲ.

‘ಒಂದು ಉಪಾಯ ಹೇಳ್ತೀನಿ, ಎಂದೂ ಕೈಕೊಡಲ್ಲ.
ಜೋಡಿಯಲ್ಲಿ ಇನ್ನೊಬ್ಬರನ್ನ ತೆಗೆದು ಓದು.
ತಾಜೂನ ತೆಗೆದುಬಿಡು. ಮಿ ವೆಂಟ್.
ಕಿವಿಗೆ ಕಚ್ಚುತ್ತಲ್ವಾ? ಐ ವೆಂಟ್. ಸರಿಹೋಯ್ತು.
ಆಮೇಲೆ ಬೇಕಾದ್ರೆ ವಾಪಸ್ ಸೇರಿಸ್ಕೊ.’

ಅವಳು ಆ ಹೆಸರಿನ ಮೇಲೆ ಬೆರಳು ಮುಚ್ಚಿದಳು.
ತುಟಿ ಆಡಿಸಿದಳು. ಬೆರಳೆತ್ತಿದಳು. ಮತ್ತೆ ಮುಚ್ಚಿದಳು.
‘ಅವರೂ ಹಿಂಗೇ ಮಾಡಿದ್ದು ಸರ್.
ಸೋಮವಾರ ಅವಳನ್ನ ತೆಗೆದ್ರು. ನನ್ನ ಇಟ್ಕೊಂಡ್ರು.
ಒಬ್ಬಳೇ ಆದ್ರೆ ನಾನು ಸರಿಯಾಗಿರ್ತೀನಂತೆ.’

ಕೆಳಗೆ ಚಕ್ರದ ಸದ್ದು ನಿಂತಿತ್ತು.
ಉಳಿದ ಹನ್ನೊಂದು ಮಂದಿ ನನ್ನನ್ನು ನೋಡುತ್ತಿದ್ದರು.
ನನ್ನನ್ನು: ದ್ವಿತೀಯಾ ವಿಭಕ್ತಿ.
ಏನೋ ಹೇಳಬೇಕಿತ್ತು. ಹೇಳಿದ್ದು ಇಷ್ಟೆ,
‘ಶೌಟೆಡ್ ಆದ್ಮೇಲೆ ಒಂದು ಆಟ್ ಬರ್ಬೇಕು.’

ಅವಳೇ ತಿದ್ದಿದಳು, ಗೀಟಿನ ಎಡಬಲ ನೋಡಿಕೊಳ್ಳುತ್ತ.
ತಾಜುನ್ನಿಸಾ ಅಂಡ್ ಐ. ಹರ್ ಅಂಡ್ ಮಿ. ಅಸ್.
ಕಡೆಯಲ್ಲಿ, ನನ್ನ ಕೇಳದೆ, ಒಂದು ಸಾಲು:
‘ವಿ ವಾಂಟ್ ಹರ್ ಬ್ಯಾಕ್.’
ಒಂದಕ್ಷರ ತಪ್ಪಿರಲಿಲ್ಲ.
‘ವಿ ಅಂದ್ರೆ ಯಾರ್ಯಾರು?’ ಕೇಳಿದೆ.
‘ನಿನ್ನೆ ತನಕ ಇಪ್ಪತ್ತಮೂರು. ಕಟಿಂಗ್ ಸೆಕ್ಷನ್ನಿನವರು
ಸಂಬಳ ಆದ್ಮೇಲೆ ಸಹಿ ಹಾಕ್ತಾರಂತೆ.’

ಎಂಟು ಹತ್ತಕ್ಕೆ ಹೊಳೆಹೊನ್ನೂರಿನ ಬಸ್ಸು.
ಚಪ್ಪಲಿ ಮೆಟ್ಟುತ್ತ ತಿರುಗಿದಳು,
‘ಸರ್, ನಾಳೆ ತಾಜೂನೂ ಕರ್ಕೊಂಡು ಬರ್ಲಾ?
ಫೀಸು ಮುಂದಿನ ತಿಂಗಳು.’
‘ಬಾ’ ಅಂದೆ.
ಆಮೇಲೆ ತಿದ್ದಿಕೊಂಡೆ, ‘ಬನ್ನಿ.’
ಅಷ್ಟರಲ್ಲಿ ಅವಳು ಮೆಟ್ಟಿಲು ಇಳಿದಾಗಿತ್ತು.